ವೀಣೆಯ ಖರ್ಚನ್ನೂ ಬರೆಯಿರಿ

ಜರ್ಮನಿಯಲ್ಲಿ ವೀಣೆ ಕಛೇರಿ ಕೊಡಲು ಪ್ರಯಾಣದ ಧನಸಹಾಯ ಕೇಳಿ ಅರ್ಜಿ ಹಾಕಿದೆ. ಮೈಸೂರಿನ ನಮ್ಮ ಕಲಾವಿದರು ಕೇಳೋಕೇ ಸಂಕೋಚ ಪಡುತ್ತಾರೆ. ಯಾಕೆ ಪಡಬೇಕು?

ನಾನು ಜಾಸ್ತಿ ಹೊತ್ತು ಕೂತು ಬರೆದಿದ್ದು ವೀಣೆಯ ಸಾಗಣೆ ಖರ್ಚು. ವೀಣೆಯ 24 ಮೆಟ್ಟಿಲುಗಳು, ಅಂದರೆ ತಂತಿಯ ಕೆಳಗೆ ಅಡ್ಡಲಾಗಿರುವ ಲೋಹದ ಪಟ್ಟಿಗಳು, ನಿಂತಿರುವುದು ಇದ್ದಿಲ ಪುಡಿ ಬೆರೆಸಿದ ಕಪ್ಪು ಮೇಣದ ಮೇಲೆ. ಬಿಸಿಲಿಗೆ ಅದು ಮೆತ್ತಗಾಗುತ್ತದೆ, ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಸ್ವರ ಕೆಟ್ಟಿತು. ಅಲ್ಲಿ ಮೇಳ ಕಟ್ಟಿಕೊಡೋರು, ಅಂದರೆ ಮೇಣ ಹಾಕಿ ಮೆಟ್ಟಿಲು ಮತ್ತೆ ಕೂರಿಸಿಕೊಡೋರು, ಸುಲಭಕ್ಕೆ ಸಿಗ್ತಾರಾ? ಇಷ್ಟನ್ನೂ ವಿವರಿಸಿ ಗಟ್ಟಿ ಪೆಟ್ಟಿಗೆ, ಹೆಚ್ಚುವರಿ ಲಗೇಜಿನ ಹಣ ಕೇಳಿದೆ. ಸಂಗೀತ ಪ್ರಚಾರ, ಸೇವೆ ಅಂತ ಪುಟಗಟ್ಟಲೆ ಬರೆಯೋದಕ್ಕಿಂತ ಇದು ಓದುವವರಿಗೆ ಬೇಗ ಅರ್ಥವಾಗುತ್ತದೆ, ಅಲ್ವಾ?

ಊಟ, ವಸತಿ, ಟಿಕೆಟ್ ಯಾರ ಖರ್ಚು ಅಂತ ಆಹ್ವಾನ ಪತ್ರದಲ್ಲೇ ಬರೆಸಿಕೊಳ್ಳಿ. ಎಷ್ಟೋ ಕಡೆ ಹಣ ಬರುವುದು ಹೋಗಿ ಬಂದ ಮೇಲೆ. ಹಾಗಾಗಿ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಅದಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣದ ವೈದ್ಯಕೀಯ ವಿಮೆ ಬೇಕೇ ಬೇಕು. ವಿಮೆಯ ಕಂತನ್ನೂ ಬಜೆಟ್ಟಿಗೆ ಸೇರಿಸಿ.

ಪಿಟೀಲು ನುಡಿಸುವ ನನ್ನ ಗೆಳತಿಯೂ ಈಗ ಅರ್ಜಿ ತುಂಬುತ್ತಿದ್ದಾಳೆ. ನಾಳೆ ಸಂಜೆ ಅಗ್ರಹಾರದ ಅವಳ ಮನೆಯಲ್ಲಿ ಕೂತು ಲೆಕ್ಕ ಹಾಕುತ್ತೇವೆ.