ನೈಟ್ ಡ್ಯೂಟಿಗೆ ಎಲ್ಲರೂ ಕೇಳುವ ಆ ಸಿಸ್ಟರ್

ರೋಸ್ಟರ್ ಹಾಕುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. ಎಲ್ಲರಿಗೂ ಒಬ್ಬರ ಜೊತೆಗೇ ನೈಟ್ ಬೇಕು. ನಮ್ಮ ವಾರ್ಡಿನಲ್ಲಿ ಆ ಒಬ್ಬರು ಅಂದರೆ ಒಬ್ಬ ಹಿರಿಯ ಸಿಸ್ಟರ್. ಹೆಸರು ಹಾಕಿದರೆ ಅವರಿಗೆ ಇಷ್ಟವಾಗುವುದಿಲ್ಲ, ಬಿಡಿ. "ಮೇಡಂ, ನನ್ನ ಆ ಸಿಸ್ಟರ್ ಜೊತೆ ಹಾಕಿ" ಅಂತ ಹೊಸ ಹುಡುಗಿಯರು ಬಂದು ನಿಲ್ಲುತ್ತಿದ್ದರು. ಯಾಕೆ ಅಂತ ನನಗೆ ತಿಳಿಯುತ್ತಿರಲಿಲ್ಲ. ಅವರ ಹ್ಯಾಂಡೋವರ್, ಅಂದರೆ ಶಿಫ್ಟ್ ಬದಲಾಗುವಾಗ ಪೇಷೆಂಟ್‌ಗಳನ್ನು ವಹಿಸಿಕೊಳ್ಳುವುದು, ನನಗೆ ಬರೀ ಕಿರಿಕಿರಿ. ಒಂದೊಂದು ಬೆಡ್ ಹತ್ತಿರವೂ ನಿಂತು, ಡ್ರಿಪ್ ಬಾಟಲಿ ತಿರುಗಿಸಿ ಓದಿ, ಪೇಷೆಂಟನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಮನೆಗೆ ಹೊರಟವರು ಬ್ಯಾಗ್ ಹೆಗಲಿಗೇರಿಸಿಕೊಂಡು ಒದ್ದಾಡುತ್ತಿರುತ್ತಾರೆ.

ಡ್ಯೂಟಿ ಶುರುವಾಗುವ ಮೊದಲು ಇಂಜೆಕ್ಷನ್ ಟ್ರಾಲಿ ಪಕ್ಕ ಅರ್ಧ ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಪ್ರಾರ್ಥನೆ. ಯಾರನ್ನೂ ಕರೆಯುವುದಿಲ್ಲ, ಯಾರಿಗೂ ಬೋಧನೆ ಮಾಡುವುದಿಲ್ಲ. ನಾನೂ ಚರ್ಚಿಗೆ ಹೋಗುವವಳೇ. ಆದರೂ ಕೆಲಸದ ಜಾಗದಲ್ಲಿ ಇದೆಲ್ಲ ಯಾಕೆ ಅನ್ನಿಸುತ್ತಿತ್ತು. ಅವರನ್ನು ನೈಟ್‌ನಿಂದ ತೆಗೆದು ಒಪಿಡಿಗೆ ಹಾಕಿದರೆ ಕೆಲಸ ಬೇಗ ಸಾಗುತ್ತದೆ ಅಂತ ಸೂಪರಿಂಟೆಂಡೆಂಟ್ ಹತ್ತಿರ ಒಂದು ಮಾತು ಹಾಕಿಯೂ ಇದ್ದೆ.

ಅಂಥದ್ದರಲ್ಲಿ ಆ ರಾತ್ರಿ ಬಂತು. ಎರಡೂವರೆ ಆಗಿತ್ತು. ಪಕ್ಕಪಕ್ಕದ ಎರಡು ಬೆಡ್. ಒಬ್ಬರಿಗೆ ಪೊಟ್ಯಾಸಿಯಂ ಕಡಿಮೆ, 500 ಎಂಎಲ್ ಎನ್‌ಎಸ್‌ನಲ್ಲಿ (ಸಲೈನ್) ಒಂದು ಆಂಪೂಲ್ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಹಾಕಿ ನಿಧಾನಕ್ಕೆ ಬಿಡಬೇಕು. ಇನ್ನೊಬ್ಬರದು ಕಿಡ್ನಿ ಕೇಸ್, ಪೊಟ್ಯಾಸಿಯಂ ಆಗಲೇ 5.8, ಅಂದರೆ ಜಾಸ್ತಿ. ಅವರಿಗೆ ಬರೀ ಎನ್‌ಎಸ್. ಜೂನಿಯರ್ ಹುಡುಗಿ ಎರಡೂ ಬಾಟಲಿಯನ್ನು ಒಂದೇ ಟ್ರೇಯಲ್ಲಿ ರೆಡಿ ಮಾಡಿ ನೇತುಹಾಕಿದಳು. ಲೇಬಲ್ ಆಮೇಲೆ ಬರೆದರಾಯಿತು ಅಂದುಕೊಂಡಳು. ಅಷ್ಟರಲ್ಲಿ ಯಾರೋ ಬೆಲ್ ಒತ್ತಿದರು, ಹೋದಳು. ವಾಪಸ್ ಬಂದು ಪೆನ್ ತೆಗೆದರೆ ಯಾವ ಬಾಟಲಿಗೆ ಕೆಸಿಎಲ್ ಹಾಕಿದ್ದು ಅಂತಲೇ ನೆನಪಿಲ್ಲ. ಒಡೆದ ಆಂಪೂಲ್ ಆಗಲೇ ಸೂಜಿ, ಗಾಜು ಬಿಸಾಕುವ ಶಾರ್ಪ್ಸ್ ಡಬ್ಬಿ ಸೇರಿತ್ತು.

ಬೆರೆಸಿದ್ದಕ್ಕೂ ಬೆರೆಸದ್ದಕ್ಕೂ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎರಡೂ ತಿಳಿನೀರು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಎದೆಬಡಿತ ಲಯ ತಪ್ಪುತ್ತದೆ, ನಿಂತೂ ಹೋಗಬಹುದು.

ಅವಳಿಗೆ ಒಂದು ಸುಲಭದ ದಾರಿ ಇತ್ತು. ಸುಮ್ನೆ ಅಂದಾಜಿನ ಮೇಲೆ ಲೇಬಲ್ ಅಂಟಿಸಿಬಿಡುವುದು. ತಪ್ಪಾಗಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೇಷೆಂಟ್‌ಗೆ ಏನಾದರೂ ಆಗಿದ್ದರೆ ಅದು ಕಿಡ್ನಿಯ ಲೆಕ್ಕಕ್ಕೇ ಹೋಗುತ್ತಿತ್ತು. ಈ ಕೆಲಸದಲ್ಲಿ ಇರುವವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತು.

ಅವಳು ಹಾಗೆ ಮಾಡಲಿಲ್ಲ. ಸ್ಟೇಷನ್‌ನಲ್ಲಿ ಇಂಡೆಂಟ್ ಬರೆಯುತ್ತಾ ಕೂತಿದ್ದ ನನ್ನನ್ನು ದಾಟಿಕೊಂಡು ಸೀದಾ ಆ ಸಿಸ್ಟರ್ ಹತ್ತಿರ ಹೋದಳು. ಇನ್‌ಚಾರ್ಜ್ ನಾನು. ಅದು ಈಗಲೂ ಚುಚ್ಚುತ್ತದೆ. "ಸಿಸ್ಟರ್, ಯಾವುದಕ್ಕೆ ಕೆಸಿಎಲ್ ಹಾಕ್ದೆ ಅಂತ ಗೊತ್ತಾಗ್ತಿಲ್ಲ" ಅಂದದ್ದು ನನಗೂ ಕೇಳಿಸಿತು.

ಸಿಸ್ಟರ್ ಏನೂ ಮಾತಾಡದೆ ಹೋಗಿ ಕಿಡ್ನಿ ಪೇಷೆಂಟ್‌ನ ಕ್ಲಾಂಪ್ ಮುಚ್ಚಿದರು. ಆಮೇಲೆ ಪಕ್ಕದ್ದು. ಐವಿ ಸೆಟ್ ಸಮೇತ ಎರಡನ್ನೂ ಬಿಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಅವಳ ಕಡೆ ತಿರುಗಿ, "ತಕ್ಷಣ ಬಂದು ಹೇಳಿದ್ದು ಒಳ್ಳೇದಾಯ್ತು ಮಗಳೇ. ಡಾಕ್ಟರಿಗೆ ಫೋನ್ ಮಾಡು" ಅಂದರು. ನಾನು ಓಡಿ ಬಂದು ಕೇಳಿದ ಮೊದಲ ಮಾತು, "ಯಾರು ಹಾಕಿದ್ದು ಇದನ್ನ?" ಸಿಸ್ಟರ್ ತಲೆ ಎತ್ತಲಿಲ್ಲ. "ಅದು ಆಮೇಲೆ ಮೇಡಂ. ಈಗ ಇಸಿಜಿ ಬೇಕು."

ಇಸಿಜಿ ಮೆಷಿನ್ ಅಂಥ ಹೊತ್ತಿನಲ್ಲೇ ಕೈಕೊಡಬೇಕು, ಅಲ್ವಾ? ಪೇಪರ್ ಸಿಕ್ಕಿಕೊಂಡಿತು. ನಾನು ಅದನ್ನು ಕಿತ್ತು ಮತ್ತೆ ಕೂರಿಸುವಾಗ ಕೈ ನಡುಗುತ್ತಿತ್ತು. ಪೇಷೆಂಟ್ ಎಚ್ಚರವಾಗಿ "ಏನಾಯ್ತಮ್ಮ?" ಅಂದರು. "ಏನಿಲ್ಲ, ಮಲಗಿ" ಅನ್ನುವುದು ನಮ್ಮೆಲ್ಲರ ನಾಲಿಗೆಯ ತುದಿಯಲ್ಲೇ ಇರುವ ಉತ್ತರ. ಸಿಸ್ಟರ್ ಅದನ್ನು ಹೇಳಲಿಲ್ಲ. "ನಿಮ್ಮ ಡ್ರಿಪ್ ಬಾಟಲಿ ಬಗ್ಗೆ ನಮಗೆ ಅನುಮಾನ ಬಂತು. ತೆಗೆದಿದ್ದೀವಿ. ಎದೆಬಡಿತ ಸರಿ ಇದೆಯಾ ಅಂತ ನೋಡ್ತಿದ್ದೀವಿ, ನಾನು ಇಲ್ಲೇ ಇರ್ತೀನಿ." ಅವರು ಗಲಾಟೆ ಮಾಡುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ಸಿಸ್ಟರ್ ಕೈ ಹಿಡಿದುಕೊಂಡು ಮಲಗಿದರು. ಪೇಪರ್ ಹೊರಗೆ ಬಂತು. ಪೊಟ್ಯಾಸಿಯಂ ಏರಿದಾಗ ಕಾಣುವ ಹಾಗೆ ಟಿ ವೇವ್ ಚೂಪಾಗಿ ಎದ್ದಿರಲಿಲ್ಲ. ರಕ್ತ ಪರೀಕ್ಷಿಸುವ ಎಬಿಜಿ ಮೆಷಿನ್‌ನಲ್ಲಿ ಪೊಟ್ಯಾಸಿಯಂ 5.7 ಬಂತು. ಯಾವ ಬಾಟಲಿಯಲ್ಲಿ ಏನಿತ್ತು ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ.

ಬೆಳಗಿನ ಜಾವ ಇನ್ಸಿಡೆಂಟ್ ರಿಜಿಸ್ಟರ್ ತೆರೆದಾಗ, ಆ ಹುಡುಗಿ ಯಾಕೆ ನನ್ನ ಹತ್ತಿರ ಬರಲಿಲ್ಲ ಅನ್ನುವುದು ಅಲ್ಲೇ ಇತ್ತು. ಹಿಂದಿನ ಪುಟಗಳಲ್ಲಿ ಸಿಸ್ಟರ್ ಕೈಬರಹವೇ ಜಾಸ್ತಿ. ಎಲ್ಲ ಅವರದ್ದೇ ತಪ್ಪುಗಳು. "10 ಗಂಟೆಯ ಆಂಟಿಬಯೋಟಿಕ್ 11ಕ್ಕೆ ಕೊಟ್ಟೆ. ಮರೆತಿದ್ದೆ." ಕೆಳಗೆ ಸಹಿ. ಇದನ್ನೆಲ್ಲ ಯಾಕೆ ಬರೀತೀರಿ ಅಂತ ಒಮ್ಮೆ ಕೇಳಿದ್ದೆ. "ದೇವರಿಗೆ ಗೊತ್ತಿರೋದನ್ನ ರಿಜಿಸ್ಟರ್‌ನಿಂದ ಮುಚ್ಚಿಟ್ಟು ಏನು ಮಾಡ್ಲಿ?" ಅಂದಿದ್ದರು. ಆಗ ನಕ್ಕು ಸುಮ್ಮನಾಗಿದ್ದೆ. ಜೂನಿಯರ್‌ಗಳು ಆ ಪುಟಗಳನ್ನು ಓದಿದ್ದರು.

ಸಂಡೇ ಸ್ಕೂಲ್‌ನಲ್ಲಿ ಕೇಳಿದ ಬೈಬಲ್‌ನ ಯೋಸೇಫನ ಕಥೆ ಆ ರಾತ್ರಿಯ ನಂತರ ಬೇರೆ ಥರ ಕಾಣತೊಡಗಿತು. ಗುಲಾಮನಾಗಿ ಮಾರಾಟವಾಗಿ ಐಗುಪ್ತದ (ಈಜಿಪ್ಟಿನ) ಪೋಟೀಫರನ ಮನೆ ಸೇರಿದವನು. ಯೋಸೇಫನಿಗೋಸ್ಕರ ದೇವರು ಆ ಮನೆಯನ್ನು ಆಶೀರ್ವದಿಸಿದ, ಮನೆಯಲ್ಲೂ ಹೊಲದಲ್ಲೂ ಅಂತ ಆದಿಕಾಂಡ 39ರಲ್ಲಿ ಬರುತ್ತದೆ. ಬೆಳೆ ಚೆನ್ನಾಗಿ ಬಂತು, ದನಕರು ಹೆಚ್ಚಿದವು ಅಂತಲೇ ನಾನು ಅಂದುಕೊಂಡಿದ್ದೆ. ಅದೂ ಇರಬಹುದು. ಆದರೆ ಆ ಮನೆಯಲ್ಲಿ ಬೇರೆ ಆಳುಗಳೂ ಇದ್ದರಲ್ಲ. ಲೆಕ್ಕ ತಪ್ಪಿದವನು, ಕಾಳು ಚೆಲ್ಲಿದವನು ಹೆದರದೆ ಬಂದು ಹೇಳುವಂಥ ಮೇಲ್ವಿಚಾರಕ ಸಿಕ್ಕಿದ್ದೂ ಆಶೀರ್ವಾದವೇ ಇರಬೇಕು ಅನ್ನಿಸುತ್ತದೆ. ಇದು ನನ್ನ ಊಹೆ, ಕಥೆಯಲ್ಲಿ ಹಾಗೇನೂ ಬರೆದಿಲ್ಲ.

ಆಶೀರ್ವಾದ ಪಡೆದ ಪೋಟೀಫರನೇ ಹೆಂಡತಿಯ ಸುಳ್ಳು ನಂಬಿ ಅವನನ್ನು ಜೈಲಿಗೆ ಹಾಕಿದ ಅನ್ನುವುದನ್ನೂ ಮರೆಯಬಾರದು. ಅಲ್ಲಿನ ಅಧಿಕಾರಿಯೂ ಎಲ್ಲವನ್ನೂ ಯೋಸೇಫನಿಗೆ ಒಪ್ಪಿಸಿ ಕೈತೊಳೆದುಕೊಂಡ. ಯೇಸುವಿನ ಅಪೊಸ್ತಲ ಪೌಲನನ್ನು ಕೈದಿಯಾಗಿ ರೋಮಿಗೆ ಕರೆದೊಯ್ಯುತ್ತಿದ್ದ ಹಡಗಿನಲ್ಲೂ ಹಾಗೇ. ಈಗ ಹೊರಡಬೇಡಿ ಅಂದವನ ಮಾತು ಯಾರೂ ಕೇಳಲಿಲ್ಲ. ಬಿರುಗಾಳಿಯಲ್ಲಿ ಹಡಗು ಒಡೆದುಹೋಯಿತು. ಆದರೆ ಅದರಲ್ಲಿದ್ದ 276 ಜನರೂ ದಡ ಸೇರಿದರು. ದೇವರಿಗೆ ನಡೆದುಕೊಳ್ಳುವವರು ಜೊತೆಗಿದ್ದರೆ ಕಷ್ಟವೇ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಹಡಗು ಒಡೆಯುತ್ತದೆ. ನಮ್ಮಲ್ಲೂ ಅವತ್ತು ಬಾಟಲಿ ಅದಲುಬದಲಾಗಿದ್ದಿರಬಹುದು.

ನನಗೆ ನಗು ಬರಿಸುವವನು ಲಾಬಾನ. ಯೋಸೇಫನ ತಂದೆ ಯಾಕೋಬ ಅವನ ಬಳಿ 20 ವರ್ಷ ದುಡಿದ. ಹತ್ತು ಸಲ ಸಂಬಳ ಬದಲಾಯಿಸಿದ ಮಾವ ಅವನು. ಯಾಕೋಬ ಊರಿಗೆ ಹೊರಡುತ್ತೇನೆ ಅಂದಾಗ, ನಿನ್ನಿಂದಲೇ ದೇವರು ನನ್ನನ್ನು ಆಶೀರ್ವದಿಸಿದ್ದಾನೆ, ಇಲ್ಲೇ ಇರು ಅನ್ನುತ್ತಾನೆ. ಮ್ಯಾನೇಜ್‌ಮೆಂಟ್ ಅಂದರೆ ಅವತ್ತಿಗೂ ಇವತ್ತಿಗೂ ಒಂದೇ.

ನಮ್ಮಲ್ಲಿ ಆದದ್ದು ಇಷ್ಟು. ಆ ಘಟನೆಯ ನಂತರ ಡಬಲ್ ಚೆಕ್ ಫಾರ್ಮ್ ಬಂತು. ಶಿಫ್ಟ್ ಮುಗಿಯುವಾಗ ಇಬ್ಬರೂ ಒಟ್ಟಿಗೆ ಕೂತು ಹತ್ತಾರು ಸಹಿ ಹಾಕುತ್ತಾರೆ. ಬಾರ್‌ಕೋಡ್ ಸ್ಕ್ಯಾನರ್ ಬಂತು, ಮಧ್ಯರಾತ್ರಿಗೆ ಅದರ ಚಾರ್ಜ್ ಮುಗಿಯುತ್ತದೆ. ನಿಜವಾಗಿ ಉಪಯೋಗಕ್ಕೆ ಬಂದದ್ದು ಸಿಸ್ಟರ್ ರೂಢಿಸಿದ ಒಂದು ಅಭ್ಯಾಸ: ಆಂಪೂಲ್ ಒಡೆಯುವ ಮೊದಲೇ ಲೇಬಲ್ ಬರೆದು ಬಾಟಲಿಗೆ ಅಂಟಿಸುವುದು, ಖಾಲಿ ಆಂಪೂಲನ್ನು ಇನ್ನೊಬ್ಬರು ನೋಡುವವರೆಗೆ ಬಿಸಾಕದೆ ಟ್ರೇಯಲ್ಲೇ ಇಟ್ಟುಕೊಳ್ಳುವುದು. ಅದಕ್ಕೆ ಫಾರ್ಮ್ ಇಲ್ಲ.

ಆಮೇಲೆ ಮೇಲಿನವರಿಗೆ ಒಂದು ಐಡಿಯಾ ಹೊಳೆಯಿತು. ಆ ಸಿಸ್ಟರ್ ಇದ್ದಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತದೆ ಅಂತ ತಾನೇ? ಹಾಗಾದರೆ ಹೆಚ್ಚು ತೊಂದರೆ ಇರುವ ಇನ್ನೊಂದು ವಾರ್ಡಿಗೆ ಹಾಕೋಣ. ನಾನು ಬೇಡ ಅಂದೆ. ಒಂದು ಕಾಲದಲ್ಲಿ ಅವರನ್ನು ಒಪಿಡಿಗೆ ಕಳಿಸಿ ಅಂದವಳೇ ನೀನು ಅಂತ ಸೂಪರಿಂಟೆಂಡೆಂಟ್ ನೆನಪಿಸಿದರು. ಬಾಯಿ ಮುಚ್ಚಿಕೊಂಡೆ.

ಈಗ ಆ ವಾರ್ಡಿನಲ್ಲಿ ಇನ್ಸಿಡೆಂಟ್ ರಿಪೋರ್ಟ್‌ಗಳು ದಿಢೀರ್ ಅಂತ ಜಾಸ್ತಿಯಾಗಿವೆ. ಮೊದಲು ತಿಂಗಳುಗಟ್ಟಲೆ ಒಂದೂ ಇರುತ್ತಿರಲಿಲ್ಲ. ಕ್ವಾಲಿಟಿ ವಿಭಾಗದವರು ಆ ಸಿಸ್ಟರ್‌ಗೆ ಮೆಮೋ ಕೊಟ್ಟಿದ್ದಾರೆ: ನೀವು ಬಂದ ಮೇಲೆ ತಪ್ಪುಗಳು ಯಾಕೆ ಹೆಚ್ಚಾಗಿವೆ, ವಿವರಣೆ ಕೊಡಿ. ಅವರು ಒಂದೇ ಸಾಲಿನಲ್ಲಿ ಉತ್ತರ ಬರೆದರಂತೆ: ತಪ್ಪುಗಳು ಮೊದಲೂ ಇದ್ದವು. ನಮ್ಮ ವಾರ್ಡಿನ ರಿಜಿಸ್ಟರನ್ನೂ ಅದರ ಜೊತೆಗೆ ಇಟ್ಟು ಕೊಡುತ್ತೇನೆ ಅಂತ ನಾನು ಹೇಳಿ ಕಳಿಸಿದ್ದೇನೆ. ಮೀಟಿಂಗ್ ಸೋಮವಾರ.