ಇಂಗ್ಲಿಷ್ ಪದಗಳು ಮತ್ತು ನಮ್ಮ ಮೇಷ್ಟ್ರು

ನಮ್ಮ ಇಂಗ್ಲಿಷ್ ಮೇಷ್ಟ್ರು ಪದಗಳ ಪಟ್ಟಿ ಕೊಟ್ಟು ಉರು ಹೊಡೆಯಿರಿ ಅಂತ ಯಾವತ್ತೂ ಹೇಳಲಿಲ್ಲ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ, ನಡುವೆ ಒಂದು ಗೆರೆ. ಹಾಗೆ ಕಲಿತ ಪದ ಪರೀಕ್ಷೆ ಮುಗಿಯುವವರೆಗೆ ಜೊತೆಗಿರುತ್ತೆ, ಮಾತಾಡುವಾಗ ಬಾಯಿಗೆ ಬರೋದಿಲ್ಲ ಅನ್ನುತ್ತಿದ್ದರು. ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಅವರ ಪಾಠಗಳ ಬಗ್ಗೆಯೇ ಬರೆಯಬೇಕು ಅನ್ನಿಸಿತು, ಯಾಕಂದ್ರೆ ಇವತ್ತಿಗೂ ಹೊಸ ಪದ ಸಿಕ್ಕಿದರೆ ನಾನು ಕಲಿಯುವುದು ಅವರು ಹೇಳಿಕೊಟ್ಟ ಹಾಗೇ.

ಒಂದು ಪಾಠ ತುಂಬಾ ಚೆನ್ನಾಗಿ ನೆನಪಿದೆ. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಜೋರು’ ಅಂತ ಬರೆದರು. ಜೋರು ಮಳೆ, ಜೋರು ಗಾಳಿ, ಜೋರು ದನಿ, ಜೋರಾಗಿ ಓಡು. ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ಅಂದರು. ಮಳೆಗೆ ಹೆವಿ, ಗಾಳಿಗೆ ಸ್ಟ್ರಾಂಗ್, ದನಿಗೆ ಲೌಡ್, ಓಟಕ್ಕೆ ಫಾಸ್ಟ್. ನಮಗೆ ಒಂದೇ ಪದ ಸಾಕಾಗುವ ಕಡೆ ಅಲ್ಲಿ ನಾಲ್ಕು ಬೇಕು! ಸ್ಟ್ರಾಂಗ್ ರೇನ್ ಅಂದರೆ ಕೇಳಿದವರಿಗೆ ಅರ್ಥವೇನೋ ಆಗುತ್ತೆ, ಆದರೆ ಇಂಗ್ಲಿಷ್ ಮನೆಮಾತಿನವರು ಸಾಮಾನ್ಯವಾಗಿ ಹಾಗೆ ಹೇಳೋದಿಲ್ಲ. ಅದಕ್ಕೇ ಒಂಟಿ ಪದ ಬರೆದುಕೊಳ್ಳಬೇಡಿ, ಅದರ ಜೊತೆಗೆ ಬರುವ ಪದವನ್ನೂ ಬರೆದುಕೊಳ್ಳಿ ಅನ್ನೋರು. ಬರೀ ಡಿಸಿಷನ್ ಅಲ್ಲ, ಮೇಕ್ ಎ ಡಿಸಿಷನ್. ಹಾಗೇ ಡಿಸ್ಕಸ್ ಆದ ಮೇಲೆ ಅಬೌಟ್ ಬೇಡ. ‘ಅದರ ಬಗ್ಗೆ ಚರ್ಚೆ ಮಾಡಿದೆವು’ ಅನ್ನೋದು ನಮ್ಮ ರೂಢಿ, ಆ ‘ಬಗ್ಗೆ’ ನಮಗೇ ಗೊತ್ತಿಲ್ಲದೆ ಇಂಗ್ಲಿಷಿಗೂ ನುಸುಳಿಬಿಡುತ್ತೆ. ‘ಅವಳ ಜೊತೆ ಮದುವೆ’ ಅನ್ನುವ ಅಭ್ಯಾಸದಿಂದ ಮ್ಯಾರೀಡ್ ವಿತ್ ಅನ್ನುತ್ತೇವೆ, ಅಲ್ಲಿ ಬೇಕಾದ್ದು ಟು.

ಇಂಥದ್ದನ್ನೆಲ್ಲ ತೋರಿಸೋಕೆ ಅವರು ತರಗತಿಗೆ ಆಕ್ಸ್‌ಫರ್ಡ್‌ನ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ತರುತ್ತಿದ್ದರು. ಅದನ್ನು ಮೊದಲು ಸಿದ್ಧಪಡಿಸಿದ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಮೊದಲ ಮುದ್ರಣ 1942ರಲ್ಲಿ ಅಲ್ಲೇ ಆಯಿತು, ಹೆಸರು ಬೇರೆ ಇತ್ತು. ಆಕ್ಸ್‌ಫರ್ಡ್ ಅದನ್ನು ಹೊರತಂದಿದ್ದು 1948ರಲ್ಲಿ. ಅಂದರೆ ಇಂಗ್ಲಿಷ್ ಮನೆಮಾತಲ್ಲದವರ ತೊಡಕು ಏನು ಅಂತ ತರಗತಿಯಲ್ಲಿ ದಿನಾ ನೋಡಿದವರು ಮಾಡಿದ ನಿಘಂಟು. ಅರ್ಥಕ್ಕಿಂತ ಅದರ ಉದಾಹರಣೆ ವಾಕ್ಯಗಳನ್ನೇ ಜಾಸ್ತಿ ಓದಿ ಅಂತ ನಾನೂ ಹೇಳುತ್ತೇನೆ.

ಉಚ್ಚಾರಣೆ ಅಂದರೆ ಮೇಷ್ಟ್ರಿಗೆ ಪ್ರಾಣ. ನಾವು ಬಹುಮಟ್ಟಿಗೆ ಬರೆದ ಹಾಗೆ ಓದುವವರು, ಇಂಗ್ಲಿಷ್ ಹಾಗಲ್ಲ. ನೀ (ಮಂಡಿ), ನೈಫ್ (ಚಾಕು), ನಾಟ್ (ಗಂಟು) ಪದಗಳ ಮೊದಲಿಗೆ ಕೂತಿರುವ ‘ಕೆ’ಯನ್ನು ಹಿಂದೆ ಜನ ನಿಜವಾಗಿ ಉಚ್ಚರಿಸುತ್ತಿದ್ದರು. ಕ್ಯಾಕ್ಸ್‌ಟನ್ ಅನ್ನುವ ಮುದ್ರಕ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು, ಬಾಯಿ ಮಾತ್ರ ತನ್ನ ಪಾಡಿಗೆ ಬದಲಾಯಿತು. ಡೆಟ್ (ಸಾಲ) ಪದದ ‘ಬಿ’ ಕಥೆ ಬೇರೆ. ಮೊದಲು ಇಂಗ್ಲಿಷಿನಲ್ಲಿ ಅದನ್ನು ‘ಬಿ’ ಇಲ್ಲದೇ ಬರೆಯುತ್ತಿದ್ದರು. ಲ್ಯಾಟಿನ್ ಮೂಲ ಕಾಣಲಿ ಅಂತ ಓದಿದವರು ಆಮೇಲೆ ಸೇರಿಸಿದ್ದು. ಈ ಕಾರಣಗಳನ್ನು ಕೇಳಿದ ಮೇಲೆ ಆ ಸ್ಪೆಲಿಂಗ್‌ಗಳು ನಮಗೆ ಮರೆಯಲೇ ಇಲ್ಲ.

ಇನ್ನೊಂದು ಒತ್ತು, ಅಂದರೆ ಪದದ ಯಾವ ಭಾಗಕ್ಕೆ ಪೆಟ್ಟು ಕೊಟ್ಟು ಹೇಳಬೇಕು ಅನ್ನೋದು. ಮೇಷ್ಟ್ರು ಮೇಜಿನ ಮೇಲೆ ಡಸ್ಟರ್ ಕುಟ್ಟುತ್ತಾ ಹೇಳುತ್ತಿದ್ದರು. ಫೋಟೋಗ್ರಾಫ್‌ನಲ್ಲಿ ಪೆಟ್ಟು ‘ಫೋ’ ಮೇಲೆ. ಫಟಾಗ್ರಫರ್ ಅಂದಾಗ ಅದು ‘ಟಾ’ಗೆ ಜಾರುತ್ತೆ. ಫೋಟಗ್ರ್ಯಾಫಿಕ್ ಅಂದಾಗ ‘ಗ್ರ್ಯಾ’ಗೆ. ಪೆಟ್ಟು ಬೀಳದ ಕಡೆ ಸ್ವರ ಸಣ್ಣಗಾಗಿ ಬಹಳ ಸಲ ‘ಅ’ ಥರದ ಒಂದು ಮೆತ್ತನೆ ಸದ್ದಾಗುತ್ತೆ. ನಾವು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಮಾತಾಡುವವರಾದ್ದರಿಂದ ಇದು ಕಿವಿಗೆ ಬೀಳೋದೇ ಕಷ್ಟ. ನಿಘಂಟಿನಲ್ಲಿ ಪದದ ಪಕ್ಕ ಮೇಲ್ಗಡೆ ಒಂದು ಪುಟ್ಟ ಗೀಟು ಇರುತ್ತಲ್ವಾ, ಅದರ ಮುಂದಿನ ಅಕ್ಷರಕ್ಕೇ ಪೆಟ್ಟು. ಎಷ್ಟೋ ಜನ ಅದನ್ನು ನೋಡೋದೇ ಇಲ್ಲ. ಹಾಗೇ ಒಳಗೆ ಹಾಕುವ ವೆಸ್ಟ್, ದಿಕ್ಕಿನ ವೆಸ್ಟ್ ಎರಡನ್ನೂ ನಾವು ಒಂದೇ ‘ವ’ದಲ್ಲಿ ಬರೆಯುತ್ತೇವೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಕಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಕಬಾರದು. ಇಡೀ ತರಗತಿ ತುಟಿ ದುಂಡಗೆ ಮಾಡಿಕೊಂಡು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ದೊಡ್ಡ ದೊಡ್ಡ ಪದಗಳ ಮೋಹ ಅವರಿಗಿರಲಿಲ್ಲ. ಟೇಕ್, ಗೆಟ್, ಪುಟ್ ಇವನ್ನು ಮೊದಲು ಪಳಗಿಸಿಕೊಳ್ಳಿ ಅನ್ನುತ್ತಿದ್ದರು. ಟೇಕ್ ಆಫ್ ಅಂದರೆ ವಿಮಾನ ಹಾರೋದು, ಬಟ್ಟೆ ಕಳಚೋದೂ ಹೌದು. ಟೇಕ್ ಓವರ್ ಅಂದರೆ ವಹಿಸಿಕೊಳ್ಳೋದು. ಟೇಕ್ ಆಫ್ಟರ್ ಅಂದರೆ ಅಪ್ಪನನ್ನೋ ಅಮ್ಮನನ್ನೋ ಹೋಲೋದು. ಮೈಕೆಲ್ ವೆಸ್ಟ್ ಅನ್ನುವ ಇಂಗ್ಲಿಷ್ ಬೋಧನಾ ತಜ್ಞ 1953ರಲ್ಲಿ ಕಲಿಯುವವರಿಗಾಗಿ ಸುಮಾರು 2000 ಪದಗಳ ಪಟ್ಟಿ ಮಾಡಿದ್ದೂ ಇದೇ ಕಾರಣಕ್ಕೆ, ದಿನಬಳಕೆಯ ಬರಹದಲ್ಲಿ ಮತ್ತೆ ಮತ್ತೆ ಬರುವುದು ಇಂಥ ಪದಗಳೇ.

ಈಗ ಓದುತ್ತಿರುವ ನಿಮಗೆ ಒಂದು ಅನುಕೂಲ ಇದೆ. ಫೋನಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿದರೆ ಪದ ಕೇಳಿಸುತ್ತೆ. ಕೇಳಿ, ಗಟ್ಟಿಯಾಗಿ ಹೇಳಿ. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ತಿರುಗಿ ನೋಡಿ. ಬಿಡುವು ಕೊಟ್ಟು ನೋಡಿದ್ದು ಒಂದೇ ಸಲ ಕೂತು ಉರು ಹೊಡೆದದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತೆ, ಇದನ್ನು ಎಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ 1885ರಲ್ಲೇ ಬರೆದಿದ್ದಾರೆ. ಆಮೇಲೆ ಆ ಪದ ಹಾಕಿ ಒಂದು ವಾಕ್ಯ ಬರೆಯಿರಿ. ವಾಕ್ಯ ನಿಜ ಇರಬೇಕು, ನಿಮ್ಮದೇ ಇರಬೇಕು, ಇದು ಮೇಷ್ಟ್ರ ಷರತ್ತು. ರಿಲಕ್ಟೆಂಟ್ ಅಂತ ಕಲಿತರೆ ಇವತ್ತು ನೀವು ಯಾವ ಕೆಲಸ ಒಲ್ಲದ ಮನಸ್ಸಿನಿಂದ ಮಾಡಿದಿರಿ ಅಂತ ಬರೆಯಿರಿ.