ಜೋಗದಿಂದ ಹಾರಿದ ಬಾರ್ಬೇರಿಯನ್

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳನ್ನು ಆಡುವವರ ನಡುವೆ ಏಳುವ ನಗೆಯಲ್ಲಿ ಬಹುಪಾಲು ನಿಯಮಪುಸ್ತಕದಿಂದಲೇ ಹುಟ್ಟುತ್ತದೆ. ನಿಯಮದ ಮಾತು ಬಂದ ಕೂಡಲೇ ಮೋಜು ಮುಗಿಯಿತೆಂದು ತಿಳಿಯುವವರಿದ್ದಾರೆ. ಪುಸ್ತಕ ತೆರೆದು ಸಾಲು ತೋರಿಸುವ ಆಟಗಾರನಿಗೆ ‘ರೂಲ್ಸ್ ಲಾಯರ್’ ಎಂಬ ಅಡ್ಡಹೆಸರೂ ಹಳೆಯದೇ. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ನಿಯಮವನ್ನು ಅಕ್ಷರಶಃ ಓದಿ, ಅದು ಎಲ್ಲಿಗೆ ಕರೆದೊಯ್ಯುತ್ತದೆಯೋ ಅಲ್ಲಿಯವರೆಗೂ ಹೋಗಿ ನೋಡುವ ಆಟಗಾರನೇ ನಮ್ಮ ಮೇಜಿನ ಅತ್ಯಂತ ಒಳ್ಳೆಯ ನಗೆಗಳಿಗೆ ಕಾರಣ. ಆದರೆ ಅಂಥ ಓದುಗಳಲ್ಲೂ ಎರಡು ಜಾತಿಯಿದೆ, ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ, ಆಗಿ ಕಥೆಯ ಲೋಕವನ್ನು ವಿವರಿಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಫಲಿತಾಂಶ ಅನುಮಾನವಿದ್ದಲ್ಲಿ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳ ಮೂಲ. ಅದು ಬೊಂಬೆ ಸೈನ್ಯಗಳನ್ನಿಟ್ಟು ಆಡುವ ಯುದ್ಧದಾಟಗಳಿಂದ ಬೆಳೆದು ಬಂದದ್ದರಿಂದ ದೂರ, ತೂಕ, ಸಮಯ ಎಲ್ಲಕ್ಕೂ ಲೆಕ್ಕ ಇಡುವ ಅಭ್ಯಾಸ ಅದರ ರಕ್ತದಲ್ಲೇ ಇದೆ. ಶಿವಮೊಗ್ಗದಲ್ಲಿ ನಾವು ಆಡುವುದು 2014ರ ಐದನೇ ಆವೃತ್ತಿಯನ್ನು. ಮಳೆಗಾಲದ ಭಾನುವಾರಗಳಲ್ಲಿ, ಕರೆಂಟು ಹೋದರೂ ದಾಳ ಕಾಣುವಷ್ಟು ಬೆಳಕಿಟ್ಟುಕೊಂಡು, ಮಂಡಕ್ಕಿ ಮತ್ತು ಕಾಫಿಯ ಜೊತೆ ಆಟ ನಡೆಯುತ್ತದೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಗೆಳೆಯ, ಸಾಗರದಿಂದ ಬರುವ ಶಾಲಾ ಶಿಕ್ಷಕಿ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ಮತ್ತೊಬ್ಬರೋ ಇಬ್ಬರೋ ಆಟಗಾರರು, ಡಿಎಂ ನಾನು.

ಒಮ್ಮೆ ನಾನು ಕಥೆಯೊಳಗೆ ಒಂದು ಜಲಪಾತ ತಂದೆ. ಎತ್ತರ ಎಷ್ಟೆಂದು ಕೇಳಿದಾಗ, ಇಲ್ಲಿಯವರಿಗೆಲ್ಲ ಬಾಯಿಪಾಠವಾದ ಜೋಗದ ಅಳತೆಯನ್ನೇ ಕೊಟ್ಟೆ: 830 ಅಡಿ. ಬೆನ್ನ ಹಿಂದೆ ಶತ್ರುಗಳ ದಂಡು, ಮುಂದೆ ಪ್ರಪಾತ. ಸೇತುವೆ ಹುಡುಕುತ್ತಾರೆ, ಸಂಧಾನಕ್ಕಿಳಿಯುತ್ತಾರೆ ಎಂದು ಕಾದಿದ್ದರೆ, ಬಾರ್ಬೇರಿಯನ್, ಅಂದರೆ ರೋಷದಿಂದ ಕಾದಾಡುವ ಕಾಡುಯೋಧನ, ಪಾತ್ರ ಆಡುತ್ತಿದ್ದ ಹುಡುಗ ಪುಸ್ತಕ ತಿರುವಿ, “ಅಣ್ಣಾ, ನಾನು ಹಾರ್ತೀನಿ” ಎಂದ.

ಅವನ ಲೆಕ್ಕ ಹೀಗಿತ್ತು. ಬಿದ್ದ ಪ್ರತಿ ಹತ್ತು ಅಡಿಗೆ ಆರು ಮುಖದ ಒಂದು ದಾಳದಷ್ಟು ಡ್ಯಾಮೇಜ್. ಆದರೆ ಇಪ್ಪತ್ತು ದಾಳಕ್ಕೆ ಮಿತಿ. ಅಂದರೆ 200 ಅಡಿಯಿಂದ ಬಿದ್ದರೂ 830 ಅಡಿಯಿಂದ ಬಿದ್ದರೂ ಪೆಟ್ಟು ಒಂದೇ: ಸರಾಸರಿ 70, ಹೆಚ್ಚೆಂದರೆ 120. ಬಾರ್ಬೇರಿಯನ್ ರೇಜ್‌ನಲ್ಲಿದ್ದರೆ, ಎಂದರೆ ರೋಷ ಏರಿದ ಸ್ಥಿತಿಯಲ್ಲಿದ್ದರೆ, ಬಿದ್ದ ಪೆಟ್ಟು ಅರ್ಧವಾಗುತ್ತದೆ. ಆಗ ಎಲ್ಲ ದಾಳಗಳಲ್ಲೂ ಆರೇ ಬಿದ್ದರೂ 60. ಆರನೇ ಲೆವೆಲ್‌ನ ಅವನ ಪಾತ್ರಕ್ಕೆ 65 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಾಳುವ ಶಕ್ತಿ, ಇತ್ತು. ಜೋಗದ ಎತ್ತರದಿಂದ ಬಿದ್ದೂ ಅವನು ಸಾಯುವ ಸಾಧ್ಯತೆಯೇ ಇರಲಿಲ್ಲ.

ನಗು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಶಿಕ್ಷಕಿ 2017ರ ಪೂರಕ ಪುಸ್ತಕದ ಐಚ್ಛಿಕ ನಿಯಮವೊಂದನ್ನು ನೆನಪಿಸಿದರು: ಬೀಳುವವನು ಮೊದಲಿಗೆ ಒಮ್ಮೆಲೇ 500 ಅಡಿ ಇಳಿಯುತ್ತಾನೆ, ಇನ್ನೂ ಎತ್ತರ ಉಳಿದಿದ್ದರೆ ತನ್ನ ಮುಂದಿನ ಸರದಿಯ ಕೊನೆಯಲ್ಲಿ ಮತ್ತೆ 500 ಅಡಿ. ಹಾಗಾಗಿ ಮೊದಲ ಸರದಿ ಮುಗಿದಾಗ ನಮ್ಮ ವೀರ ಇನ್ನೂ ನೆಲದಿಂದ 330 ಅಡಿ ಮೇಲೆ, ಗಾಳಿಯಲ್ಲೇ ಇದ್ದಾನೆ. ಯಾರನ್ನೂ ಹೊಡೆಯದೆ, ತಾನೂ ಪೆಟ್ಟು ತಿನ್ನದೆ ಸರದಿ ಮುಗಿದರೆ ರೇಜ್ ಇಳಿದುಹೋಗುತ್ತದೆಂಬುದು ಮೂಲ ಪುಸ್ತಕದ ನಿಯಮ. ಆದ್ದರಿಂದ ದಡದ ಮೇಲೆ ತಂದುಕೊಂಡ ರೋಷ ಅರ್ಧದಾರಿಯಲ್ಲಿ ತಣ್ಣಗಾಗಿ, ಎರಡನೇ ಸರದಿಯಲ್ಲಿ ಬೋನಸ್ ಆ್ಯಕ್ಷನ್ ಎಂಬ ಹೆಚ್ಚುವರಿ ಚಿಕ್ಕ ಕ್ರಿಯೆಯನ್ನು ಖರ್ಚುಮಾಡಿ ಗಾಳಿಯಲ್ಲೇ ಹೊಸದಾಗಿ ರೋಷ ತಂದುಕೊಳ್ಳಬೇಕಾಗುತ್ತದೆ.

“ಗಾಳೀಲಿ ಎಂತಕ್ಕೆ ಕೋಪ ಬರತ್ತೆ ಮಾರಾಯ ಅವನಿಗೆ?” ಎಂದು ಮಂಡಿಯ ಗೆಳೆಯ ಕೇಳಿದ.

“ಇನ್ನೂ ನೆಲ ಸಿಗ್ಲಿಲ್ವಲ್ಲ ಅಂತ” ಎಂದ ಹುಡುಗ.

ಆ ಉತ್ತರಕ್ಕೆ ಎದ್ದ ನಗು ಬಹಳ ಹೊತ್ತು ಇಳಿಯಲಿಲ್ಲ. ಆದರೂ ಪ್ರಶ್ನೆ ಉಳಿದಿತ್ತು. ನೆಲಕ್ಕೆ ಬೀಳುವುದೂ ಸರದಿಯ ಕೊನೆಯಲ್ಲಿ, ರೋಷ ಇಳಿಯುವುದೂ ಸರದಿಯ ಕೊನೆಯಲ್ಲಿ, ಯಾವುದು ಮೊದಲು? ಅದೇ ಪೂರಕ ಪುಸ್ತಕ ಇದಕ್ಕೂ ದಾರಿ ಹೇಳುತ್ತದೆ: ಒಂದು ಪಾತ್ರದ ಸರದಿಯಲ್ಲಿ ಎರಡು ಸಂಗತಿಗಳು ಒಟ್ಟಿಗೇ ನಡೆಯುವುದಾದರೆ, ಆ ಪಾತ್ರವನ್ನು ಆಡುವವರೇ ಕ್ರಮ ನಿರ್ಧರಿಸಬಹುದು. ಹುಡುಗ ಬೀಳುವುದನ್ನು ಮೊದಲು ಇಟ್ಟ. ಇಪ್ಪತ್ತು ದಾಳ ಉರುಳಿಸಿದೆವು. ಅವನು ಬದುಕಿದ.

ಈಗ ಇನ್ನೊಂದು ಜಾತಿಯ ಓದಿನ ಮಾತು. ಈ ಆಟದ ಬಳಗದಲ್ಲಿ ಜಗತ್ತಿನಾದ್ಯಂತ ಪ್ರಸಿದ್ಧವಾದ ಒಂದು ಹಾಸ್ಯವಿದೆ. ಸಾವಿರಾರು ರೈತರನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬರೂ ಪಕ್ಕದವರಿಗೆ ಈಟಿ ದಾಟಿಸಲು ಸಿದ್ಧರಾಗಿದ್ದರೆ, ನಿಯಮದ ಪ್ರಕಾರ ಆರು ಸೆಕೆಂಡಿನ ಒಂದೇ ಸುತ್ತಿನಲ್ಲಿ ಈಟಿ ಸಾಲಿನ ಆ ತುದಿ ಮುಟ್ಟುತ್ತದೆ. ಮೈಲುಗಟ್ಟಲೆ ದೂರವನ್ನು ಆರು ಸೆಕೆಂಡಿನಲ್ಲಿ ದಾಟಿದ ಈಟಿ ಅದೇ ವೇಗದಲ್ಲಿ ಹೊರಟು ಕೋಟೆಯನ್ನೇ ಪುಡಿಮಾಡಬೇಡವೇ ಎಂಬುದು ವಾದ. ಕೇಳಲು ಸೊಗಸಾಗಿದೆ. ಆದರೆ ಈ ವಾದ ಈಟಿ ದಾಟಿಸುವಾಗ ನಿಯಮಪುಸ್ತಕವನ್ನು ಹಿಡಿದುಕೊಂಡು, ಈಟಿ ತಗಲುವಾಗ ಅದನ್ನು ಮಡಚಿಟ್ಟು ಭೌತಶಾಸ್ತ್ರದ ಪುಸ್ತಕ ತೆರೆಯುತ್ತದೆ. ನಿಯಮವನ್ನೇ ಕೊನೆಯವರೆಗೆ ಹಿಡಿದರೆ, ಕೊನೆಯ ರೈತ ಎಸೆದ ಈಟಿ ಮಾಮೂಲಿ ಈಟಿಯೇ: ಆರು ಮುಖದ ಒಂದು ದಾಳದ ಡ್ಯಾಮೇಜ್, ಅಷ್ಟೇ. 2024ರಲ್ಲಿ ಬಂದ ಹೊಸ ಡಂಜನ್ ಮಾಸ್ಟರ್ಸ್ ಗೈಡ್ ಇದೇ ಉದಾಹರಣೆಯನ್ನು ಎತ್ತಿಕೊಂಡು, ಆಟದ ನಿಯಮಗಳು ಭೌತಶಾಸ್ತ್ರವಲ್ಲ, ಇಂಥ ವಾದಕ್ಕೆ ಎಡೆಗೊಡಬೇಡಿ ಎಂದು ಡಿಎಂಗಳಿಗೆ ಹೇಳಿದೆ.

ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದರ ಇನ್ನೊಂದು ಮಗ್ಗುಲನ್ನೂ ಒಪ್ಪಬೇಕೆನ್ನುತ್ತೇನೆ. ಜೋಗದಿಂದ ಬಿದ್ದವನು ಬದುಕುವುದುಂಟೇ ಎಂದು ಡಿಎಂ ಹುಡುಗನ ಹಾರಿಕೆಯನ್ನು ತಳ್ಳಿಹಾಕಿದರೆ, ಅವನೂ ಈಟಿಯ ವಾದ ಹೂಡಿದವನಂತೆಯೇ ಬೇಕಾದ ಕಡೆ ಭೌತಶಾಸ್ತ್ರವನ್ನು ಒಳಗೆ ಕರೆತಂದಂತಾಯಿತು. ಹುಡುಗನ ಓದು ಮೊದಲಿಂದ ಕೊನೆಯವರೆಗೂ ನಿಯಮದ ಒಳಗೇ ನಡೆದಿತ್ತು. ಎಲ್ಲಿ ಅನುಮಾನ ಬಂತೋ ಅಲ್ಲಿ ಇನ್ನೊಂದು ನಿಯಮವನ್ನೇ ಕೇಳಿತ್ತು. ಅಂಥದ್ದಕ್ಕೆ ನಕ್ಕು, ಹಾರಲು ಬಿಡಬೇಕು. ಈಟಿಯ ಬಗೆಯದಕ್ಕೆ ನಕ್ಕು, ಆಟ ಮುಂದುವರಿಸಬೇಕು. ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೇ ಬಿತ್ತೆಂದು ರಾಜನಿಂದ ಅರ್ಧ ರಾಜ್ಯ ಕೇಳುವುದನ್ನೂ ನಾನು ಎರಡನೆಯ ಪಟ್ಟಿಗೇ ಸೇರಿಸುತ್ತೇನೆ: ನಾವು ಆಡುವ ಪುಸ್ತಕದ ಪ್ರಕಾರ ಇಪ್ಪತ್ತು ಬಿದ್ದರೆ ಏಟು ಖಂಡಿತ ತಗಲುತ್ತದೆ, ಮನವೊಲಿಕೆಯಂಥ ಕೆಲಸಗಳಿಗೆ ಅಂಥ ಖಾತರಿ ಇಲ್ಲ.

ಮಂಡಿಯ ಗೆಳೆಯನ ಚೀಲದ ಲೆಕ್ಕ ಇವೆರಡರ ನಡುವೆ ನಿಲ್ಲುತ್ತದೆ. ಬ್ಯಾಗ್ ಆಫ್ ಹೋಲ್ಡಿಂಗ್ ಎಂಬ ಮಾಯಾಚೀಲದಲ್ಲಿ 500 ಪೌಂಡ್ ತೂಕ, 64 ಘನ ಅಡಿ ಗಾತ್ರದವರೆಗೆ ತುಂಬಬಹುದು. ಏನೇ ತುಂಬಿದರೂ ಚೀಲದ ತೂಕ 15 ಪೌಂಡ್. ಸಿಕ್ಕಿದ ದಿನವೇ ಅವನು ಅದನ್ನು ಅಡಿಕೆಗೆ ಇಳಿಸಿದ: ಎರಡೂಕಾಲು ಕ್ವಿಂಟಾಲಿನಷ್ಟು ಮಾಲು, ಜಾಗ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ, ಹೊರಲು ಏಳು ಕಿಲೋದೊಳಗೆ. “ಭಾರಿ ಗಾಡಿ ಬಿಡದ ಆಗುಂಬೆ ಘಾಟೀಲಿ ನಡ್ಕೊಂಡೇ ಇಳಿಸ್ಬಹುದಲ್ಲ” ಎಂದ. ಲೆಕ್ಕವೆಲ್ಲ ಸರಿಯೇ ಇತ್ತು. ಆದರೆ ಆ ಆಟ ನಾಯಕರ ಸಾಹಸದ್ದು, ವ್ಯಾಪಾರದ್ದಲ್ಲ. ಅದರ ಬೆಲೆಪಟ್ಟಿಗಳು ಪೇಟೆಯ ಏರಿಳಿತವನ್ನು ತಾಳಲಾರವು. ಅವನ ಲೆಕ್ಕ ಮೆಚ್ಚಿ, ಒಂದು ಸಲದ ಸಾಗಾಟಕ್ಕೆ ಒಪ್ಪಿ, ಮುಂದಿನ ಸಲ ದಾರಿಯಲ್ಲಿ ಕಳ್ಳರನ್ನಿಟ್ಟೆ. ಚೀಲ ಹರಿದರೆ ಒಳಗಿನ ಮಾಲೆಲ್ಲ ಇನ್ನೊಂದು ಲೋಕದ ಪಾಲು ಎಂಬುದೂ ನಿಯಮವೇ ಆದ್ದರಿಂದ ಅವನು ಆ ರಾತ್ರಿ ಬಹಳ ಎಚ್ಚರದಿಂದ ಕಾದಾಡಿದ.

ತಾಳಮದ್ದಳೆ ಕೇಳಿ ಬೆಳೆದ ಮಲೆನಾಡಿನವರಿಗೆ ಇಂಥ ವಾದದ ರುಚಿ ಹೊಸದಲ್ಲ. ವಾಲಿವಧೆಯ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಧರ್ಮದ ಪ್ರಶ್ನೆಗಳಿಂದ ಕಟ್ಟಿಹಾಕುತ್ತಾನೆ. ಅರ್ಥಧಾರಿ ಸಮರ್ಥನಾದರೆ ವಾದದಲ್ಲಿ ಗೆದ್ದ ಎಂದು ಸಭೆಗೆ ಅನ್ನಿಸುವುದೂ ಉಂಟು. ಆದರೂ ವಾಲಿ ಸಾಯಲೇಬೇಕು, ಭಾಗವತರು ಮುಂದಿನ ಪದ ಎತ್ತಿಕೊಂಡರೆಂದರೆ ಮಾತು ಅಲ್ಲಿಗೆ ನಿಲ್ಲಬೇಕು. ಡಿಎಂ ಕೆಲಸವನ್ನು ನಾನು ಹಾಗೆಯೇ ತಿಳಿದಿದ್ದೇನೆ. ವಾದ ರಂಜಿಸುತ್ತಿರುವಷ್ಟು ಹೊತ್ತು ಬಿಡಬೇಕು, ಹೊಸಬರ ಮುಖ ಬಾಡುವ ಮೊದಲು ಪದ ಎತ್ತಬೇಕು. ಯುದ್ಧದ ನಡುವೆ ನಿಯಮ ಸಿಗದಿದ್ದರೆ ಆ ಕ್ಷಣಕ್ಕೊಂದು ತೀರ್ಪು ಕೊಟ್ಟು, ಸರಿಯಾದ ಸಾಲನ್ನು ಕಾಫಿಯ ಹೊತ್ತಿಗೆ ಹುಡುಕುತ್ತೇವೆ. ಸಿಕ್ಕಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತೇವೆ. ಯಾರದ್ದಾದರೂ ಬಹುಕಾಲದ ಪಾತ್ರ ಸಾಯುವ ಹೊತ್ತಿನಲ್ಲಿ ಮಾತ್ರ ನಿಯಮದ ತಮಾಷೆಗೆ ನಾನು ಜಾಗ ಕೊಡುವುದಿಲ್ಲ. ಆಗ ಪುಸ್ತಕ ತೆರೆಯುವುದಾದರೆ ಅವನನ್ನು ಉಳಿಸುವ ಸಾಲು ಹುಡುಕಲು ತೆರೆಯಬೇಕು.

ಜೋಗದ ತೀರ್ಪೂ ನೋಟುಬುಕ್ಕಿನಲ್ಲಿದೆ, ಆದರೆ ಪೂರ್ತಿಯಾಗಿಲ್ಲ. ನೀರಿಗೆ ಬೀಳುವವನು ದಾಳ ಉರುಳಿಸಿ 15 ಅಥವಾ ಅದಕ್ಕಿಂತ ಹೆಚ್ಚು ತಂದರೆ ಪೆಟ್ಟು ಅರ್ಧವೆಂಬ ಐಚ್ಛಿಕ ನಿಯಮ 2020ರ ಇನ್ನೊಂದು ಪೂರಕ ಪುಸ್ತಕದಲ್ಲಿದೆ ಎಂದು ಶಿಕ್ಷಕಿ ಹೇಳಿದ್ದಾರೆ. ರೋಷದ ಅರ್ಧವೂ ನೀರಿನ ಅರ್ಧವೂ ಸೇರಿದರೆ ಹೆಚ್ಚೆಂದರೆ 30 ಪಾಯಿಂಟ್. ಹುಡುಗ ಒಪ್ಪಿದ್ದಾನೆ, ಮಂಡಿಯ ಗೆಳೆಯ ಮಾತ್ರ, ಕೆಳಗೆ ಬಂಡೆಯೂ ಇದೆ, ಬಿದ್ದದ್ದು ಮಡುವಿಗೋ ಬಂಡೆಗೋ ಮೊದಲು ಇತ್ಯರ್ಥವಾಗಲಿ ಎಂದು ಪಟ್ಟು ಹಿಡಿದಿದ್ದಾನೆ. ಮುಂದಿನ ಭಾನುವಾರ ಆಟ ಅಲ್ಲಿಂದಲೇ ಶುರು.